ಹೂಗೆಡ್ಡೆಗಳಿಗೆ ಕಾಂಪೋಸ್ಟ್ ಮತ್ತು ನೈಸರ್ಗಿಕ ಬೆಳವಣಿಗೆ ಪ್ರಚೋದಕಗಳು: ಬೆಂಗಳೂರಿನ ಮನೆದೋಟಕ್ಕೆ ಸಮಗ್ರ ಮಾರ್ಗದರ್ಶಿ

ಗೆಡ್ಡೆಯಿಂದ ಬೆಳೆಯುವ ಹೂಗಿಡಗಳನ್ನು ಮನೆಯಲ್ಲಿ ಸಾಕುವವರಲ್ಲಿ ಹೆಚ್ಚಿನವರು ಮೊಗ್ಗು ಕಂಡ ಕೂಡಲೇ ಗೊಬ್ಬರ ಸುರಿಯುತ್ತಾರೆ, ಹೂ ಬಾಡಿದ ಮೇಲೆ ಕುಂಡವನ್ನು ಮೂಲೆಗೆ ಸರಿಸಿ ಮರೆತುಬಿಡುತ್ತಾರೆ. ಆಗಬೇಕಾದದ್ದು ಇದಕ್ಕೆ ತದ್ವಿರುದ್ಧ. ಗೆಡ್ಡೆ ಎಂಬುದು ಗಿಡ ತನಗಾಗಿ ತುಂಬಿಟ್ಟುಕೊಂಡ ಕಣಜ. ಈ ವರ್ಷ ಅರಳುವ ಹೂವಿಗೆ ಬೇಕಾದ ದಾಸ್ತಾನು ಕಳೆದ ಹಂಗಾಮಿನಲ್ಲೇ ಅದರೊಳಗೆ ಸೇರಿರುತ್ತದೆ. ಈಗ ನಾವು ಹಾಕುವ ಕಾಂಪೋಸ್ಟು ಮತ್ತು ಸಿಂಪಡಿಸುವ ದ್ರಾವಣಗಳು ಬಹುಮಟ್ಟಿಗೆ ಮುಂದಿನ ಹೂವಿಗೆ ಸಲ್ಲುವಂಥವು. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಇದೊಂದು ಸಂಗತಿಯನ್ನು ಆಧರಿಸಿವೆ.

ಅಮರಿಲ್ಲಿಸ್ ಎಂದು ನಾವು ಕರೆಯುವ ಹಿಪ್ಪಿಯಾಸ್ಟ್ರಮ್ ಇದಕ್ಕೆ ಸ್ಪಷ್ಟ ಉದಾಹರಣೆ. ಅದರ ಗೆಡ್ಡೆಯೊಳಗೆ ಸಾಮಾನ್ಯವಾಗಿ ನಾಲ್ಕು ಎಲೆಗಳು ರೂಪುಗೊಂಡ ಮೇಲೆ ಒಂದು ಹೂಕುಡಿ ಹುಟ್ಟುತ್ತದೆ, ಮತ್ತೆ ನಾಲ್ಕು ಎಲೆ, ಮತ್ತೊಂದು ಹೂಕುಡಿ. ಆ ಕುಡಿ ಹೊರಗೆ ಕಾಣಿಸಿಕೊಳ್ಳುವುದು ಹಲವು ತಿಂಗಳುಗಳ ಬಳಿಕ. ಆದ್ದರಿಂದ ಹೂ ಮುಗಿದ ನಂತರದ ಎಲೆಗಳನ್ನು ಚೆನ್ನಾಗಿ ಬೆಳೆಸಿದವರಿಗೆ ಮಾತ್ರ ಮುಂದಿನ ಬೇಸಿಗೆಯಲ್ಲಿ ಎರಡು ಹೂದಂಡುಗಳು ಸಿಗುತ್ತವೆ. ಸುಗಂಧರಾಜದ ರೀತಿ ಸ್ವಲ್ಪ ಬೇರೆ: ಒಮ್ಮೆ ಹೂಕಡ್ಡಿ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ, ಅದರ ಸುತ್ತ ಹುಟ್ಟುವ ಮರಿಗೆಡ್ಡೆಗಳು ದಪ್ಪಗಾಗಿ ಸರದಿಯಂತೆ ಹೂ ಬಿಡುತ್ತವೆ. ಗ್ಲಾಡಿಯೋಲಸ್ಸಿನಲ್ಲಿ ನೆಟ್ಟ ಗೆಡ್ಡೆ ಸೊರಗಿ, ಅದರ ಮೇಲೆಯೇ ಹೊಸ ಗೆಡ್ಡೆಯೊಂದು ಕಟ್ಟಿಕೊಳ್ಳುತ್ತದೆ. ಮೂರೂ ಕಡೆ ಕೊನೆಯ ಲೆಕ್ಕ ಒಂದೇ: ಹೂವಿನ ನಂತರ ಎಲೆ ಎಷ್ಟು ದಿನ ಹಸಿರಾಗಿ ದುಡಿಯುತ್ತದೋ ಗೆಡ್ಡೆ ಅಷ್ಟು ತುಂಬುತ್ತದೆ.

ಮೊದಲ ಹಂತ: ಊರಿಗೆ ಒಗ್ಗುವ ಗೆಡ್ಡೆಯ ಆಯ್ಕೆ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹಿತವಾದ ಹವೆ ಹಲವು ಹೂಗೆಡ್ಡೆಗಳಿಗೆ ಒಗ್ಗುತ್ತದೆ. ಸುಗಂಧರಾಜ, ಅಮರಿಲ್ಲಿಸ್, ಮಳೆ ಲಿಲ್ಲಿ, ಸ್ಪೈಡರ್ ಲಿಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ ಕೆಂಪು ಚೆಂಡಿನಂತೆ ಅರಳುವ ಫುಟ್‌ಬಾಲ್ ಲಿಲ್ಲಿ, ಡೇಲಿಯ, ಗ್ಲಾಡಿಯೋಲಸ್, ಕಾಬಾಳೆ, ಸುರುಳಿ ಸುಗಂಧಿ, ಗೌರಿ ಹಬ್ಬದ ಹೊತ್ತಿಗೆ ಬಳ್ಳಿಯ ತುಂಬ ಬೆಂಕಿಯ ನಾಲಗೆಯಂಥ ಹೂ ಬಿಡುವ ಗೌರಿ ಹೂವು ಇವೆಲ್ಲ ಇಲ್ಲಿ ಹೆಚ್ಚಿನ ಆರೈಕೆಯಿಲ್ಲದೆ ನೆಲೆಯೂರುತ್ತವೆ. ಇವುಗಳಲ್ಲಿ ಕೆಲವು ಪದರಗೆಡ್ಡೆಗಳು, ಕೆಲವು ಬೇರುಗೆಡ್ಡೆಗಳು, ಕೆಲವು ನೆಲದಡಿಯ ಕಾಂಡಗಳು. ಗೊಬ್ಬರದ ಮಟ್ಟಿಗೆ ಆ ವ್ಯತ್ಯಾಸ ಬಹಳ ಮುಖ್ಯವಲ್ಲ. ಕಾಬಾಳೆ ಮತ್ತು ಸುರುಳಿ ಸುಗಂಧಿಗಳು ಮಾತ್ರ ಎಷ್ಟು ಗೊಬ್ಬರ ಕೊಟ್ಟರೂ ಅರಗಿಸಿಕೊಳ್ಳುತ್ತವೆ, ಉಳಿದವು ಮಿತವಾಗಿ ಉಣ್ಣುವಂಥವು ಎಂಬುದನ್ನು ನೆನಪಿಟ್ಟರೆ ಸಾಕು.

ಆನ್‌ಲೈನ್ ಮಳಿಗೆಗಳು ಮಾರುವ ಟ್ಯೂಲಿಪ್, ಡ್ಯಾಫೋಡಿಲ್, ಹಯಸಿಂತ್ ಗೆಡ್ಡೆಗಳಿಗೆ ಹೂಕುಡಿ ಸರಿಯಾಗಿ ಬೆಳೆಯಲು ವಾರಗಟ್ಟಲೆ ಚಳಿ ಬೇಕು. ಶೀತಗೃಹದಲ್ಲಿ ಇರಿಸಿ ಕಳುಹಿಸಿದ್ದು ಇಲ್ಲಿ ಒಮ್ಮೆ ಅರಳಬಹುದು. ಆಮೇಲೆ ಯಾವ ಗೊಬ್ಬರವೂ ಯಾವ ಪ್ರಚೋದಕವೂ ಆ ಚಳಿಯ ಜಾಗವನ್ನು ತುಂಬಲಾರದು.

ಸುಗಂಧರಾಜ ಬೇಕೆನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಿವೆ. ಒಂಟಿ ದಳದ ಶೃಂಗಾರ್ ಮತ್ತು ಪ್ರಜ್ವಲ್, ಜೋಡಿ ದಳದ ಸುವಾಸಿನಿ, ಅರೆಜೋಡಿ ದಳದ ವೈಭವ್ ಅಲ್ಲಿ ಅಭಿವೃದ್ಧಿಯಾದವು. ಕನಿಷ್ಠ 1.5 ಸೆಂಟಿಮೀಟರ್ ಅಡ್ಡಳತೆಯ, ಕೈಯಲ್ಲಿ ಒತ್ತಿದಾಗ ಗಟ್ಟಿಯಾಗಿರುವ ಗೆಡ್ಡೆಗಳನ್ನು ಆರಿಸಬೇಕು. ಅದಕ್ಕಿಂತ ಸಣ್ಣವು ಕೆಲವು ತಿಂಗಳು ಎಲೆ ಬೆಳೆಸುವುದರಲ್ಲೇ ಕಾಲ ಕಳೆಯುತ್ತವೆ. ಯಾವುದೇ ಜಾತಿಯಾಗಲಿ, ಬುಡ ಮೆತ್ತಗಾಗಿರುವ, ಹುಳಿ ವಾಸನೆ ಬರುವ ಅಥವಾ ಕಂದು ಕಲೆಗಳಿರುವ ಗೆಡ್ಡೆಯನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬಾರದು, ಏಕೆಂದರೆ ಅದರೊಂದಿಗೆ ಬರುವ ಕೊಳೆರೋಗ ಕುಂಡದ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಎರಡನೆಯ ಹಂತ: ಕಾಂಪೋಸ್ಟ್ ಕಳಿತಿದೆಯೇ ಎಂಬ ಪರೀಕ್ಷೆ

ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಟೊಮೆಟೊ, ಕುಂಬಳದಂಥ ಗಿಡಗಳು ಅರೆಬರೆ ಕಳಿತ ಗೊಬ್ಬರವನ್ನೂ ಸಹಿಸಿಕೊಳ್ಳುತ್ತವೆ, ಗೆಡ್ಡೆಗಳು ಸಹಿಸುವುದಿಲ್ಲ. ಕಳಿಯದ ಗೊಬ್ಬರ ಮಣ್ಣಿನೊಳಗೆ ಮತ್ತೆ ಬಿಸಿಯಾಗುತ್ತದೆ, ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಅಮೋನಿಯ ಬಿಡುತ್ತದೆ. ಸಕ್ಕರೆ ಮತ್ತು ಪಿಷ್ಟ ತುಂಬಿದ ಗೆಡ್ಡೆ ಅಂಥ ಪರಿಸರದಲ್ಲಿ ಶಿಲೀಂಧ್ರಕ್ಕೂ ಬ್ಯಾಕ್ಟೀರಿಯಕ್ಕೂ ಸುಲಭದ ತುತ್ತು. ಹಸಿ ಸಗಣಿಯ ಅಪಾಯ ಇನ್ನೂ ಹೆಚ್ಚು, ಅದರೊಂದಿಗೆ ಗೊಣ್ಣೆಹುಳುವಿನ ಮೊಟ್ಟೆಗಳೂ ಬಂದು ಬೇರು ತಿನ್ನುವ ಹುಳುಗಳು ಕುಂಡದಲ್ಲೇ ಬೆಳೆಯುತ್ತವೆ.

ಮನೆಯ ಹಸಿಕಸದಿಂದ ಕಾಂಪೋಸ್ಟ್ ಮಾಡುವ ಮನೆಗಳು ನಗರದಲ್ಲಿ ಈಗ ಸಾಕಷ್ಟಿವೆ. ಆದರೆ ಅವುಗಳಲ್ಲಿ ಬಹಳಷ್ಟು ಕಡೆ ಒಣ ಪದಾರ್ಥ ಕಡಿಮೆಯಾಗಿ, ತಯಾರಾಗುವುದು ಗೊಬ್ಬರವಲ್ಲ, ಕೊಳೆತ ರಾಡಿ. ಪ್ರಾರಂಭದಲ್ಲಿ ಇಂಗಾಲ ಮತ್ತು ಸಾರಜನಕದ ಪ್ರಮಾಣ 25ರಿಂದ 30ಕ್ಕೆ 1ರಷ್ಟು ಇರಬೇಕು. ಅಳತೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಬಕೆಟ್ ತರಕಾರಿ ಸಿಪ್ಪೆಗೆ ಸುಮಾರು ಎರಡು ಬಕೆಟ್ ಒಣಗಿದ ಎಲೆ. ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಬೀದಿಯ ಹೊಂಗೆ ಮತ್ತು ಮಳೆಮರಗಳು ಎಲೆ ಉದುರಿಸುವಾಗ ಎರಡು ಮೂರು ಗೋಣಿಚೀಲ ತುಂಬಿಟ್ಟುಕೊಂಡರೆ ವರ್ಷದ ಬಹುಭಾಗಕ್ಕೆ ಒಣಪದಾರ್ಥದ ಚಿಂತೆಯಿರುವುದಿಲ್ಲ. ಆ ಎಲೆಗಳು ರಸ್ತೆಯಂಚಿನಲ್ಲಿ ಹೊಗೆಯಾಗಿ ಹೋಗುವುದೂ ತಪ್ಪುತ್ತದೆ. ನೀಲಗಿರಿ ಎಲೆಯನ್ನು ಮಾತ್ರ ಬಿಡುವುದು ಒಳಿತು. ತೇವ ಎಷ್ಟಿರಬೇಕೆಂದರೆ, ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಪಸೆ ಕಾಣಬೇಕು, ನೀರು ಧಾರೆಯಾಗಿ ಇಳಿಯಬಾರದು. ಎರಡು ಮೂರು ತಿಂಗಳು ಕಳಿತ ಬಳಿಕವೂ ಇನ್ನೊಂದು ತಿಂಗಳು ನೆರಳಿನಲ್ಲಿ ಹಾಗೆಯೇ ಬಿಟ್ಟು ಹದವಾಗಲು ಅವಕಾಶ ಕೊಡಬೇಕು. ಅವಸರದವರು ಬಿಟ್ಟುಬಿಡುವ ಈ ಕೊನೆಯ ತಿಂಗಳೇ ಗೆಡ್ಡೆಗಳಿಗೆ ಮುಖ್ಯ.

ಗೊಬ್ಬರ ಸಿದ್ಧವಾಗಿದೆಯೇ ಎಂದು ತಿಳಿಯಲು ಎರಡು ಸುಲಭ ಪರೀಕ್ಷೆಗಳಿವೆ. ಮೊದಲನೆಯದಕ್ಕೆ, ತೇವದ ಕಾಂಪೋಸ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ ಮೂರು ದಿನ ಇಡಬೇಕು. ಬಿಚ್ಚಿದಾಗ ಮಳೆಗೆ ನೆಂದ ಮಣ್ಣಿನ ವಾಸನೆ ಬಂದರೆ ಕಳಿತಿದೆ, ಹುಳಿ ಅಥವಾ ಮೂಗು ಚುರುಗುಟ್ಟಿಸುವ ಅಮೋನಿಯ ವಾಸನೆ ಬಂದರೆ ಇನ್ನೂ ಕಾಯಬೇಕು. ಎರಡನೆಯದಕ್ಕೆ, ಒಂದು ಬಟ್ಟಲಿನಲ್ಲಿ ಕಾಂಪೋಸ್ಟ್, ಇನ್ನೊಂದರಲ್ಲಿ ಬರೀ ಮಣ್ಣು ಹಾಕಿ, ಎರಡರಲ್ಲೂ ಹತ್ತು ಹತ್ತು ಮೂಲಂಗಿ ಅಥವಾ ಸಾಸಿವೆ ಬೀಜ ಬಿತ್ತಿ ವಾರ ಬಿಟ್ಟು ನೋಡಬೇಕು. ಕಾಂಪೋಸ್ಟಿನಲ್ಲಿ ಮೊಳಕೆ ಕಡಿಮೆಯಾಗಿದ್ದರೆ ಅಥವಾ ಬೇರಿನ ತುದಿ ಕಂದಾಗಿದ್ದರೆ ಆ ಗೊಬ್ಬರ ಒಂದೋ ಕಳಿತಿಲ್ಲ, ಇಲ್ಲವೇ ಅದರಲ್ಲಿ ಲವಣ ಹೆಚ್ಚಿದೆ. ಉಪ್ಪಿನಕಾಯಿ, ಸಾರು, ಹುಳಿ ಮುಂತಾದ ಬೇಯಿಸಿದ ಪದಾರ್ಥಗಳೆಲ್ಲ ಸೇರಿದ ಅಡುಗೆಮನೆ ಕಾಂಪೋಸ್ಟಿನಲ್ಲಿ ಎರಡನೆಯ ದೋಷ ಸಾಮಾನ್ಯ. ಅಂಥ ಗೊಬ್ಬರವನ್ನು ತೂತಿರುವ ಕುಂಡದಲ್ಲಿ ತುಂಬಿ, ಒಂದೆರಡು ಬಾರಿ ಧಾರಾಳವಾಗಿ ನೀರು ಹಾಯಿಸಿ ಬಸಿದು, ನೆರಳಲ್ಲಿ ಆರಿಸಿದರೆ ಉಪ್ಪು ಬಹಳಷ್ಟು ತೊಳೆದುಹೋಗುತ್ತದೆ. ಜೊತೆಗೆ ಸ್ವಲ್ಪ ಪೋಷಕಾಂಶವೂ ಹೋಗುತ್ತದೆ, ಆದರೆ ಗೆಡ್ಡೆಗೆ ಉಪ್ಪಿನ ಹಾನಿಯೇ ದೊಡ್ಡದು.

ಕಳಿತ ಗೊಬ್ಬರಕ್ಕೆ ಟ್ರೈಕೊಡರ್ಮ ಸೇರಿಸಿ ಬಲಪಡಿಸುವುದು ಗೆಡ್ಡೆಗಳ ವಿಷಯದಲ್ಲಿ ನಿಜಕ್ಕೂ ಸಾರ್ಥಕ. ಹತ್ತು ಕಿಲೋ ಕಾಂಪೋಸ್ಟಿಗೆ ಒಂದು ಕಿಲೋ ಬೇವಿನ ಹಿಂಡಿ ಮತ್ತು 100ರಿಂದ 200 ಗ್ರಾಂ ಟ್ರೈಕೊಡರ್ಮ ಪುಡಿ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗುಡ್ಡೆ ಮಾಡಿ, ಒದ್ದೆ ಗೋಣಿ ಹೊದಿಸಿ ಹದಿನೈದು ದಿನ ಬಿಡಬೇಕು. ನಡುವೆ ಒಂದೆರಡು ಬಾರಿ ತಿರುವಿಹಾಕಬೇಕು. ಈ ಒಳ್ಳೆಯ ಶಿಲೀಂಧ್ರ ಗೊಬ್ಬರದ ತುಂಬ ಹರಡಿಕೊಂಡು, ಗ್ಲಾಡಿಯೋಲಸ್ ಮತ್ತು ಸುಗಂಧರಾಜಗಳನ್ನು ಕೊಳೆಸುವ ಶಿಲೀಂಧ್ರಗಳಿಗೆ ಜಾಗವಿಲ್ಲದಂತೆ ಮಾಡುತ್ತದೆ. ಬೇವಿನ ಹಿಂಡಿ ಬೇರುಗಂಟು ಜಂತುಹುಳುಗಳನ್ನು ಹದ್ದಿನಲ್ಲಿಡಲು ನೆರವಾಗುತ್ತದೆ; ಸುಗಂಧರಾಜಕ್ಕೆ ಈ ಜಂತುಹುಳುಗಳ ಕಾಟ ಜಾಸ್ತಿ.

ಹಿಂಡಿಗಳಲ್ಲಿ ಕಡಲೆಕಾಯಿ ಹಿಂಡಿಯನ್ನು ಗೆಡ್ಡೆಗಳಿಂದ ದೂರವಿಡುವುದು ಲೇಸು. ಅದರಲ್ಲಿ ಸುಮಾರು ಶೇಕಡ 7ರಷ್ಟು ಸಾರಜನಕವಿದೆ. ಗುಲಾಬಿಗೆ ಅದು ಹಬ್ಬದೂಟ. ಗೆಡ್ಡೆಗೋ ಎಲೆ ಸೊಕ್ಕಿ, ದಂಡು ಮೆತ್ತಗಾಗಿ, ಶೇಖರಣೆಯ ಹೊತ್ತಿಗೆ ಕೊಳೆಯಲು ದಾರಿ. ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟವನ್ನು ನೇರವಾಗಿ ಕುಂಡಕ್ಕೆ ಸುರಿಯುವ ಅಭ್ಯಾಸವೂ ಬೆಂಗಳೂರಿನಲ್ಲಿ ವ್ಯಾಪಕವಾಗಿದೆ. ಅದು ಮಣ್ಣಿನ ಮೇಲೆ ಹಕ್ಕಳೆಗಟ್ಟಿ ನೀರು ಇಳಿಯದಂತೆ ಮಾಡುವುದರಿಂದ ಅದರ ಜಾಗ ಕಾಂಪೋಸ್ಟ್ ಡಬ್ಬಿ.

ಮೂರನೆಯ ಹಂತ: ಮಣ್ಣಿನ ಮಿಶ್ರಣ ಮತ್ತು ನಾಟಿ

ಇಲ್ಲಿನ ಕೆಂಪು ಮಣ್ಣು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮತ್ತೆ ಕೆಲವೆಡೆ ಮನೆ ಕಟ್ಟುವಾಗ ಬಿದ್ದ ಸಿಮೆಂಟು, ಸುಣ್ಣದ ಚೂರುಗಳು ಬೆರೆತು ಮಣ್ಣು ಕ್ಷಾರೀಯವಾಗಿರುತ್ತದೆ. ಎರಡಕ್ಕೂ ಮದ್ದು ಕಾಂಪೋಸ್ಟೇ. ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ದಪ್ಪ ಮರಳು ಎಂಬ ಲೆಕ್ಕ ಹೆಚ್ಚಿನ ಗೆಡ್ಡೆಗಳಿಗೆ ಸರಿಹೊಂದುತ್ತದೆ. ಹೊಳೆಮರಳು ಸಿಗುವುದು ದುರ್ಲಭವಾದ ಮೇಲೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು ಬಳಸುವವರು ಅದನ್ನು ತೊಳೆದು ಸಣ್ಣ ಪುಡಿಯನ್ನು ತೆಗೆದೇ ಬಳಸಬೇಕು, ಇಲ್ಲದಿದ್ದರೆ ಆ ಪುಡಿ ಮಣ್ಣಿನೊಂದಿಗೆ ಸೇರಿ ಗಟ್ಟಿ ಗಾರೆಯಂತಾಗುತ್ತದೆ. ತೆಂಗಿನ ನಾರಿನ ಪುಡಿಯನ್ನು ಬಹಳ ಮಂದಿ ಕಣ್ಣುಮುಚ್ಚಿ ಸುರಿಯುತ್ತಾರೆ. ತಾರಸಿಯ ಬಿಸಿಲಿನಲ್ಲಿ ಬೆಳೆಯುವ ತರಕಾರಿಗೆ ಅದು ಅನುಕೂಲ, ಮಳೆಗಾಲ ಕಳೆಯಬೇಕಾದ ಗೆಡ್ಡೆಗೆ ಅದರ ನೀರು ಹಿಡಿಯುವ ಗುಣವೇ ಶತ್ರು. ಅದರ ಬದಲು ಒಂದಿಷ್ಟು ಭತ್ತದ ಹೊಟ್ಟು ಅಥವಾ ಇಟ್ಟಿಗೆ ಚೂರು ಸೇರಿಸಬಹುದು.

ನೆಲದ ಪಾತಿಯಾದರೆ ಒಂದು ಚದರ ಮೀಟರಿಗೆ 3ರಿಂದ 5 ಕಿಲೋ ಕಾಂಪೋಸ್ಟನ್ನು ಒಂದಡಿ ಆಳದವರೆಗೆ ಅಗೆದು ಬೆರೆಸಿ, ಪಾತಿಯನ್ನು ಸುತ್ತಲಿನ ನೆಲಕ್ಕಿಂತ ಐದಾರು ಇಂಚು ಎತ್ತರಿಸಬೇಕು. ಹಿಂಡಿ ಸೇರಿಸುವುದಿದ್ದರೆ ನಾಟಿಗೆ ಕನಿಷ್ಠ ಎರಡು ವಾರ ಮೊದಲೇ ಆ ಕೆಲಸ ಮುಗಿದಿರಬೇಕು.

ನೆಡುವಾಗ ಪಾಲಿಸಬೇಕಾದ ಮುಖ್ಯ ನಿಯಮವೆಂದರೆ ಕಾಂಪೋಸ್ಟು ಗೆಡ್ಡೆಯ ಬುಡಕ್ಕೆ ನೇರವಾಗಿ ತಾಗಬಾರದು. ಗುಂಡಿಯ ತಳದಲ್ಲಿ ಗೊಬ್ಬರ ಬೆರೆತ ಮಣ್ಣು, ಅದರ ಮೇಲೆ ಒಂದು ಇಂಚು ಬರೀ ಮರಳು, ಆ ಮರಳಿನ ಮೇಲೆ ಗೆಡ್ಡೆ. ಬೇರುಗಳು ಮರಳನ್ನು ದಾಟಿ ಗೊಬ್ಬರವನ್ನು ತಾವೇ ತಲುಪುತ್ತವೆ. ಪದರಗೆಡ್ಡೆಗಳ ಬೇರು ಸಾಮಾನ್ಯವಾಗಿ ದಪ್ಪ, ಕವಲು ಕಡಿಮೆ, ರೋಮಬೇರುಗಳೂ ವಿರಳ. ಆದ್ದರಿಂದ ರಂಜಕಕ್ಕಾಗಿ ಅವು ಮೈಕೊರೈಜ ಎಂಬ ಬೇರುಸ್ನೇಹಿ ಶಿಲೀಂಧ್ರವನ್ನು ಹೆಚ್ಚು ಅವಲಂಬಿಸುತ್ತವೆ. ಜೈವಿಕ ಗೊಬ್ಬರದ ಅಂಗಡಿಗಳಲ್ಲಿ ವ್ಯಾಮ್ ಎಂಬ ಹೆಸರಿನಲ್ಲಿ ಸಿಗುವ ಅದರ ಪುಡಿಯನ್ನು ಮೇಲೆ ಉದುರಿಸಿದರೆ ಪ್ರಯೋಜನವಿಲ್ಲ. ಬೇರು ಹೊರಡುವ ಜಾಗದಲ್ಲೇ, ಅಂದರೆ ಗೆಡ್ಡೆಯ ಕೆಳಗಿನ ಮರಳಿನಲ್ಲಿ, ಒಂದು ಚಮಚದಷ್ಟು ಬೆರೆಸಿರಬೇಕು. ಮೈಕೊರೈಜ ಹಾಕಿದ ಕುಂಡಕ್ಕೆ ಮೂಳೆಪುಡಿಯನ್ನು ಕೈತುಂಬ ಹಾಕಬಾರದು, ರಂಜಕ ಪುಷ್ಕಳವಾಗಿದ್ದಾಗ ಬೇರು ಆ ಶಿಲೀಂಧ್ರದ ಸ್ನೇಹವನ್ನೇ ಬಿಟ್ಟುಬಿಡುತ್ತದೆ.

ಆಳದ ಲೆಕ್ಕ: ಮಳೆ ಲಿಲ್ಲಿಗೆ ಒಂದೂವರೆ ಇಂಚು, ಸುಗಂಧರಾಜಕ್ಕೆ ಎರಡರಿಂದ ಮೂರು ಇಂಚು, ಗ್ಲಾಡಿಯೋಲಸ್ ಮತ್ತು ಡೇಲಿಯಕ್ಕೆ ಮೂರರಿಂದ ನಾಲ್ಕು ಇಂಚು. ಅಮರಿಲ್ಲಿಸ್ ಗೆಡ್ಡೆಯ ಕತ್ತಿನ ಭಾಗ ಮಣ್ಣಿನಿಂದ ಮೇಲೆ ಕಾಣುವಂತಿರಬೇಕು. ಗೌರಿ ಹೂವಿನ ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ ಎರಡು ಇಂಚು ಮಣ್ಣು ಮುಚ್ಚಬೇಕು. ಅದರ ಮೊಳೆ ಇರುವುದು ತುದಿಯಲ್ಲಿ, ತುದಿ ಮುರಿದರೆ ಆ ತುಂಡು ವ್ಯರ್ಥ. ಗೌರಿ ಹೂವಿನ ಇಡೀ ಗಿಡದಲ್ಲಿ ಕೊಲ್ಚಿಸಿನ್ ಎಂಬ ತೀವ್ರ ವಿಷವಿದೆ. ಅಮರಿಲ್ಲಿಸ್ ಜಾತಿಯ ಗೆಡ್ಡೆಗಳೂ ವಿಷಕಾರಿ. ಮಕ್ಕಳು, ನಾಯಿ, ಬೆಕ್ಕುಗಳಿರುವ ಮನೆಯಲ್ಲಿ ನಾಟಿಯ ಗೆಡ್ಡೆಗಳನ್ನು ಈರುಳ್ಳಿ ಬುಟ್ಟಿಯ ಆಸುಪಾಸಿನಲ್ಲಿ ಇಡಲೇಬಾರದು.

ನಾಲ್ಕನೆಯ ಹಂತ: ನಾಟಿಗೆ ಮುನ್ನ ಗೆಡ್ಡೆಯ ಉಪಚಾರ

ಒಂದು ಲೀಟರ್ ನೀರಿಗೆ 10 ಗ್ರಾಂ ಟ್ರೈಕೊಡರ್ಮ ಕದಡಿ, ಅದರಲ್ಲಿ ಗೆಡ್ಡೆಗಳನ್ನು ಅರ್ಧ ಗಂಟೆ ಅದ್ದಿ, ನೆರಳಿನಲ್ಲಿ ಆರಿಸಿ ನೆಡುವುದು ಎಲ್ಲ ಜಾತಿಗೂ ಹೊಂದುವ ಉಪಚಾರ. ಎಳನೀರಿನಲ್ಲಿ ನೆನೆಸುವ ಪದ್ಧತಿಗೂ ಆಧಾರವಿದೆ. ತೆಂಗಿನ ನೀರಿನಲ್ಲಿ ಜೀವಕೋಶಗಳ ವಿಭಜನೆಯನ್ನು ಪ್ರಚೋದಿಸುವ ಸೈಟೊಕೈನಿನ್ ಗುಂಪಿನ ಹಾರ್ಮೋನುಗಳಿವೆ. 1941ರಲ್ಲಿ ಜೊಹಾನ್ಸ್ ವಾನ್ ಓವರ್‌ಬೀಕ್ ಮತ್ತು ಅವರ ಸಂಗಡಿಗರು ದತ್ತೂರದ ಎಳೆ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಇದನ್ನು ಬಳಸಿದ ಬಳಿಕ, ಅಂಗಾಂಶ ಕೃಷಿಯ ಪ್ರಯೋಗಾಲಯಗಳಲ್ಲಿ ಇದು ಪರಿಚಿತ ಸಾಮಗ್ರಿಯಾಯಿತು. ಮನೆಯಲ್ಲಿ ಒಂದು ಲೋಟ ಎಳನೀರಿಗೆ ಒಂಬತ್ತು ಲೋಟ ನೀರು ಬೆರೆಸಿ, ಸಿಪ್ಪೆ ಬಿಡಿಸಿದ ಗ್ಲಾಡಿಯೋಲಸ್ ಅಥವಾ ಸುಗಂಧರಾಜದ ಗೆಡ್ಡೆಗಳನ್ನು ಕೆಲವು ಗಂಟೆ ನೆನೆಸಬಹುದು. ಆದರೆ ಎಳನೀರಿನಲ್ಲಿ ಸಕ್ಕರೆಯೂ ಇದೆ; ನೆನೆಸಿದ ಮೇಲೆ ಶುದ್ಧ ನೀರಿನಲ್ಲಿ ತೊಳೆದು, ಟ್ರೈಕೊಡರ್ಮದ ಉಪಚಾರ ಮಾಡಿಯೇ ನೆಡಬೇಕು. ಇಲ್ಲವಾದರೆ ಮೊಳಕೆಗಿಂತ ಮೊದಲು ಬೂಷ್ಟು ಬರುತ್ತದೆ. ಡೇಲಿಯ, ಗೌರಿ ಹೂವುಗಳಂಥ ತೆಳು ಸಿಪ್ಪೆಯ ಗೆಡ್ಡೆಗಳಿಗೆ ಈ ನೆನೆಸುವಿಕೆ ಬೇಡ.

ಆಗ ತಾನೇ ಕಿತ್ತ ಗ್ಲಾಡಿಯೋಲಸ್ ಗೆಡ್ಡೆ ಸುಪ್ತಾವಸ್ಥೆಯಲ್ಲಿರುತ್ತದೆ. ಬೆಳೆಗಾರರು ಅದನ್ನು ಸುಮಾರು ಮೂರು ತಿಂಗಳು ಶೀತಗೃಹದಲ್ಲಿರಿಸಿ ಎಚ್ಚರಗೊಳಿಸುತ್ತಾರೆ. ಎಳನೀರು ಆ ಕೆಲಸಕ್ಕೆ ಪರ್ಯಾಯವಲ್ಲ.

ಐದನೆಯ ಹಂತ: ಎಲೆ ಬೆಳೆಯುವಾಗ ಪ್ರಚೋದಕಗಳ ಬಳಕೆ

ಪ್ರಚೋದಕ ಬೇರೆ, ಗೊಬ್ಬರ ಬೇರೆ. ಗೊಬ್ಬರ ಆಹಾರ ಕೊಡುತ್ತದೆ. ಪ್ರಚೋದಕ ಆ ಆಹಾರವನ್ನು ಗಿಡ ಹೇಗೆ ಬಳಸಬೇಕೆಂಬ ಸೂಚನೆ ಕೊಡುತ್ತದೆ. ಗಿಡದ ಹಾರ್ಮೋನುಗಳಲ್ಲಿ ಆಕ್ಸಿನ್ ಬೇರು ಹೊರಡಿಸುತ್ತದೆ, ಸೈಟೊಕೈನಿನ್ ಕೋಶ ವಿಭಜಿಸಿ ಎಲೆ ಹಣ್ಣಾಗುವುದನ್ನು ತಡವಾಗಿಸುತ್ತದೆ, ಜಿಬ್ಬರೆಲಿನ್ ದಂಡನ್ನು ಉದ್ದ ಮಾಡುತ್ತದೆ. ಹಸಿದ ಮಣ್ಣಿನಲ್ಲಿ ಇವುಗಳಿಂದ ಏನೂ ಸಾಧ್ಯವಾಗದು. ಎರಡು ಮೂರು ಎಲೆ ಬಂದ ಮೇಲೆ, ಮೇಲಿನ ಹಂತಗಳೆಲ್ಲ ಸರಿಯಾಗಿದ್ದಾಗ ಮಾತ್ರ ಇವು ಫಲ ಕೊಡುತ್ತವೆ.

ಜೀವಾಮೃತವನ್ನು ಮನೆಯ ಅಳತೆಗೆ ಹೀಗೆ ಇಳಿಸಿಕೊಳ್ಳಬಹುದು: ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ತಾಜಾ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಹುರುಳಿ ಅಥವಾ ಕಡಲೆ ಹಿಟ್ಟು, ಗೊಬ್ಬರ-ವಿಷಗಳಿಲ್ಲದ ಮರದ ಬುಡದ ಒಂದು ಹಿಡಿ ಮಣ್ಣು. ನೈಸರ್ಗಿಕ ಕೃಷಿಯ ಪ್ರತಿಪಾದಕ ಸುಭಾಷ್ ಪಾಳೇಕರ್ ಅವರು ರೈತರಿಗೆ ಹೇಳುವ 200 ಲೀಟರಿನ ಲೆಕ್ಕದ ಇಪ್ಪತ್ತನೆಯ ಒಂದು ಪಾಲು ಇದು. ನೆರಳಿನಲ್ಲಿ ಗೋಣಿ ಮುಚ್ಚಿಟ್ಟು ಬೆಳಿಗ್ಗೆ ಸಂಜೆ ಕೋಲಿನಿಂದ ತಿರುವಿದರೆ 48 ಗಂಟೆಯಲ್ಲಿ ಸಿದ್ಧ, ಒಂದು ವಾರದೊಳಗೆ ಬಳಸಿ ಮುಗಿಸಬೇಕು. ಕಾವೇರಿ ನೀರನ್ನು ಬಳಸುವವರು ಅದನ್ನು ಹಿಂದಿನ ದಿನವೇ ಅಗಲವಾದ ಪಾತ್ರೆಯಲ್ಲಿ ತೆರೆದಿಡಬೇಕು, ಕ್ಲೋರಿನ್ ಇರುವ ನೀರಿನಲ್ಲಿ ಸೂಕ್ಷ್ಮಜೀವಿಗಳು ಚೆನ್ನಾಗಿ ಬೆಳೆಯವು. ಸೋಸಿದ ಜೀವಾಮೃತಕ್ಕೆ ಹತ್ತು ಪಟ್ಟು ನೀರು ಸೇರಿಸಿ, ಹತ್ತು ಇಂಚಿನ ಕುಂಡಕ್ಕೆ ಕಾಲು ಲೀಟರಿನಂತೆ, ಗೆಡ್ಡೆಯ ತಲೆಯ ಮೇಲಲ್ಲದೆ ಕುಂಡದ ಅಂಚಿನುದ್ದಕ್ಕೂ ಹದಿನೈದು ದಿನಗಳಿಗೊಮ್ಮೆ ಸುರಿಯಬೇಕು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಗಂಜಲದ ವಾಸನೆಗೆ ನೆರೆಮನೆಯವರು ತಕರಾರು ತೆಗೆಯುವ ಸಂಭವವಿದ್ದರೆ ಎರೆಗೊಬ್ಬರದ ತಿಳಿ ಅದಕ್ಕೆ ಸರಿಯಾದ ಬದಲಿ: ಒಂದು ಪಾಲು ಎರೆಗೊಬ್ಬರವನ್ನು ಹತ್ತು ಪಾಲು ನೀರಿನಲ್ಲಿ ಒಂದು ದಿನ ನೆನೆಸಿ, ಆಗಾಗ ಕಲಕಿ, ಬಟ್ಟೆಯಲ್ಲಿ ಸೋಸಿ ಅಂದೇ ಬಳಸುವುದು.

ಎಲೆಗೆ ಸಿಂಪಡಿಸಲು ಖರ್ಚಿಲ್ಲದ ಪ್ರಚೋದಕ ನುಗ್ಗೆ ಸೊಪ್ಪು. ಅದರಲ್ಲಿ ಜಿಯಾಟಿನ್ ಎಂಬ ಸೈಟೊಕೈನಿನ್ ಸಮೃದ್ಧವಾಗಿದೆ. ಎಳೆ ಸೊಪ್ಪನ್ನು ಸ್ವಲ್ಪವೇ ನೀರು ಹಾಕಿ ರುಬ್ಬಿ, ತೆಳುಬಟ್ಟೆಯಲ್ಲಿ ಹಿಂಡಿ, ಬಂದ ರಸಕ್ಕೆ ಮೂವತ್ತು ಪಟ್ಟು ನೀರು ಸೇರಿಸಿ ಕೆಲವೇ ಗಂಟೆಗಳಲ್ಲಿ ಸಿಂಪಡಿಸಬೇಕು. ಗಟ್ಟಿಯಾಗಿದ್ದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ, ಹಾರ್ಮೋನು ಅತಿಯಾದರೆ ಬೆಳವಣಿಗೆ ಕುಂಠಿತವಾಗುತ್ತದೆ. ಕಡಲಪಾಚಿಯ ಸಾರವೂ ಇದೇ ಬಗೆಯದು. ತಮಿಳುನಾಡಿನ ಮಂಡಪಂ ಕರಾವಳಿಯಲ್ಲಿ ಬೆಳೆಸುವ ಕಪ್ಪಾಫೈಕಸ್ ಪಾಚಿಯಿಂದ ದ್ರವರೂಪದ ಸಾರ ತೆಗೆಯುವ ವಿಧಾನವನ್ನು ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆ ರೂಪಿಸಿದೆ. ಅಂಗಡಿಯಲ್ಲಿ ಸಿಗುವ ಸಾರವನ್ನು ಡಬ್ಬಿಯ ಮೇಲಿನ ಪ್ರಮಾಣದ ಅರ್ಧದಿಂದ ಆರಂಭಿಸುವುದು ವಿವೇಕ. ಪಂಚಗವ್ಯ ಬಳಸುವವರು ಶೇಕಡ 3ರಷ್ಟು, ಅಂದರೆ ಲೀಟರಿಗೆ 30 ಮಿಲಿಲೀಟರ್ ಮೀರಬಾರದು. ಇವೆಲ್ಲವನ್ನೂ ಒಂದೇ ವಾರದಲ್ಲಿ ಪ್ರಯೋಗಿಸುವುದು ಬೇಡ. ಒಂದನ್ನು ಆರಿಸಿಕೊಂಡು ಇಡೀ ಹಂಗಾಮು ಅದಕ್ಕೇ ಅಂಟಿಕೊಂಡರೆ ಮಾತ್ರ ಅದರ ಗುಣ ತಿಳಿಯುತ್ತದೆ.

ಸಿಂಪಡಣೆ ಬೆಳಗಿನ ಹೊತ್ತಿನಲ್ಲಿ, ಮಧ್ಯಾಹ್ನದೊಳಗೆ ಎಲೆ ಆರುವಂತಿರಬೇಕು. ಅಮರಿಲ್ಲಿಸ್ ಎಲೆಗಳ ಮೇಲೆ ಕೆಂಪು ಕಲೆ ಮೂಡಿಸುವ ಶಿಲೀಂಧ್ರರೋಗ ಒದ್ದೆ ಎಲೆಯ ಮೇಲೆ ವೇಗವಾಗಿ ಹರಡುವುದರಿಂದ, ಆ ಕಲೆ ಕಂಡ ಗಿಡಕ್ಕೆ ಸಿಂಪಡಣೆ ನಿಲ್ಲಿಸಿ ಬೇರಿಗೆ ಮಾತ್ರ ದ್ರಾವಣ ಕೊಡಬೇಕು. ತಾಮ್ರದ ಶಿಲೀಂಧ್ರನಾಶಕ ಸಿಂಪಡಿಸಿದ್ದರೆ ಎರಡು ವಾರ ಜೀವಾಮೃತ, ಟ್ರೈಕೊಡರ್ಮಗಳನ್ನು ಕೊಡಬಾರದು.

ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಅಕ್ಕಿ ತೊಳೆದ ನೀರು ಇವುಗಳ ಬಗ್ಗೆ ಹರಡಿರುವ ಹೊಗಳಿಕೆ ಅವುಗಳ ಯೋಗ್ಯತೆಗಿಂತ ದೊಡ್ಡದು. ಸಿಪ್ಪೆಯ ನೀರಿನಲ್ಲಿ ಒಂದಿಷ್ಟು ಪೊಟ್ಯಾಷ್ ಇದೆ, ಹುಳಿ ಬಂದರೆ ನೊಣವೂ ಬರುತ್ತದೆ. ಸಿಪ್ಪೆಯನ್ನು ಕತ್ತರಿಸಿ ಕಾಂಪೋಸ್ಟಿಗೆ ಹಾಕಿದರೆ ಅದೇ ಪೊಟ್ಯಾಷ್ ಕಾಟವಿಲ್ಲದೆ ಸಿಗುತ್ತದೆ.

ಆರನೆಯ ಹಂತ: ಹೂ ಬಾಡಿದ ಮೇಲಿನ ಉಪಚಾರ

ಹೂ ಬಾಡಿದ ಕೂಡಲೇ ಹೂದಂಡನ್ನು ಮಾತ್ರ ಬುಡದಲ್ಲಿ ಕತ್ತರಿಸಬೇಕು, ಬೀಜ ಕಟ್ಟಲು ಬಿಟ್ಟರೆ ಗೆಡ್ಡೆಯ ಶಕ್ತಿ ಅತ್ತ ಹರಿಯುತ್ತದೆ. ಎಲೆಗಳನ್ನು ಚೆಂದಕ್ಕಾಗಿ ಕತ್ತರಿಸುವುದಾಗಲಿ, ಗಂಟು ಹಾಕುವುದಾಗಲಿ ಕೂಡದು. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ, ಹತ್ತು ಇಂಚಿನ ಕುಂಡಕ್ಕೆ ಎರಡು ಹಿಡಿ ಬಲಪಡಿಸಿದ ಕಾಂಪೋಸ್ಟನ್ನು ಗೆಡ್ಡೆಯಿಂದ ಎರಡು ಇಂಚು ದೂರದಲ್ಲಿ ಉಂಗುರದಂತೆ ಹಾಕಿ, ಮೇಲುಮಣ್ಣನ್ನು ಸಣ್ಣಗೆ ಕೆದಕಿ ನೀರು ಕೊಡಬೇಕು. ಸೌದೆ ಒಲೆಯ ಬೂದಿ ಸಿಗುವವರು ಹಂಗಾಮಿನಲ್ಲಿ ಒಂದು ಬಾರಿ ಒಂದು ಚಮಚ ಸೇರಿಸಬಹುದು. ಅದರ ಪೊಟ್ಯಾಷ್ ಗೆಡ್ಡೆ ಗಟ್ಟಿಯಾಗಲು ನೆರವಾಗುತ್ತದೆ, ಆದರೆ ಬೂದಿ ಕ್ಷಾರವಾದ್ದರಿಂದ ಬೋರ್‌ವೆಲ್ಲಿನ ಗಡಸು ನೀರು ಹಾಕುವ ಮನೆಗಳಲ್ಲಿ ಅದೂ ಬೇಡ. ನುಗ್ಗೆ ರಸ ಅಥವಾ ಪಾಚಿಯ ಸಾರದ ಸಿಂಪಡಣೆಗೆ ಇದೇ ಪ್ರಶಸ್ತ ಸಮಯ, ಸೈಟೊಕೈನಿನ್ ಎಲೆಯ ಹಸಿರನ್ನು ಇನ್ನಷ್ಟು ದಿನ ಉಳಿಸಿದರೆ ಅಷ್ಟೂ ದಿನದ ದುಡಿಮೆ ಗೆಡ್ಡೆಗೆ ಸೇರುತ್ತದೆ.

ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಅರಳಿದ ಅಮರಿಲ್ಲಿಸ್ಸಿಗೆ ಈ ಉಪಚಾರ ಆಗಸ್ಟ್ ಕೊನೆಯವರೆಗೆ ನಡೆಯಬೇಕು. ಫೆಬ್ರವರಿ-ಮಾರ್ಚಿನಲ್ಲಿ ನೆಟ್ಟು ಮೂರು ತಿಂಗಳ ಸುಮಾರಿಗೆ ಹೂಕಡ್ಡಿ ಬಿಡತೊಡಗುವ ಸುಗಂಧರಾಜಕ್ಕೆ ಪ್ರತಿ ಕಡ್ಡಿ ಕತ್ತರಿಸಿದ ಮೇಲೂ ಒಂದು ಹಿಡಿ ಕಾಂಪೋಸ್ಟ್ ಸಲ್ಲಬೇಕು, ಏಕೆಂದರೆ ಮುಂದಿನ ಕಡ್ಡಿ ಬರಬೇಕಾದದ್ದು ಮರಿಗೆಡ್ಡೆಯಿಂದ.

ಏಳನೆಯ ಹಂತ: ಉಣಿಸುವುದನ್ನು ನಿಲ್ಲಿಸುವುದು ಮತ್ತು ವಿಶ್ರಾಂತಿ

ಬೆಂಗಳೂರಿನ ಹವಾಮಾನದಲ್ಲಿ ಗೆಡ್ಡೆ ಬೆಳೆಸುವವರಿಗೆ ಒಂದು ತೊಡಕಿದೆ. ಇಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ, ಅದೂ ಹಲವು ಗೆಡ್ಡೆಗಳು ವಿಶ್ರಾಂತಿಗೆ ಸಿದ್ಧವಾಗುವ ಹೊತ್ತಿಗೆ. ಕುಂಡದಲ್ಲಿ ಆಗಲೂ ಸಾರವತ್ತಾದ ಗೊಬ್ಬರ, ಮೇಲೆ ಸತತ ಮಳೆ ಎರಡೂ ಸೇರಿದರೆ ಗೆಡ್ಡೆ ಕೊಳೆಯುತ್ತದೆ. ಆದ್ದರಿಂದ ಸೆಪ್ಟೆಂಬರ್ ಹುಟ್ಟಿದ ಮೇಲೆ ಕಾಂಪೋಸ್ಟ್, ಜೀವಾಮೃತ, ಸಿಂಪಡಣೆ ಎಲ್ಲವನ್ನೂ ನಿಲ್ಲಿಸಿ, ಕುಂಡಗಳ ತಟ್ಟೆ ತೆಗೆದು ಇಟ್ಟಿಗೆಯ ಮೇಲೆ ಎತ್ತರಿಸಿ, ಸಾಧ್ಯವಾದರೆ ಸೂರಿನಡಿಗೆ ಸರಿಸಬೇಕು. ವರ್ಷವಿಡೀ ಹಸಿರಾಗಿರುವ ಸ್ಪೈಡರ್ ಲಿಲ್ಲಿ, ಕಾಬಾಳೆ, ಸುರುಳಿ ಸುಗಂಧಿಗಳಿಗೆ ಈ ಕಟ್ಟುಪಾಡು ಬೇಡ. ಚಳಿಗಾಲದ ಹೂವಿಗಾಗಿ ಮಳೆಗಾಲದ ಕೊನೆಯಲ್ಲಿ ನೆಡುವ ಡೇಲಿಯಕ್ಕೆ ಈ ಲೆಕ್ಕ ಪೂರ್ತಿ ಬೇರೆ. ಅದರ ಉಣಿಸುವ ಕಾಲ ಜನವರಿ-ಫೆಬ್ರವರಿ, ವಿಶ್ರಾಂತಿ ಬೇಸಿಗೆಯಲ್ಲಿ.

ಫುಟ್‌ಬಾಲ್ ಲಿಲ್ಲಿ, ಗೌರಿ ಹೂವುಗಳ ಎಲೆ ತಾನಾಗಿ ಹಳದಿಯಾದಾಗ ನೀರು ಕಡಿಮೆ ಮಾಡುತ್ತ ಬಂದು ನವೆಂಬರಿನ ಹೊತ್ತಿಗೆ ಪೂರ್ತಿ ನಿಲ್ಲಿಸಬೇಕು. ಅಮರಿಲ್ಲಿಸ್ಸಿಗೂ ನವೆಂಬರಿನಿಂದ ಎಂಟು ಹತ್ತು ವಾರ ನೀರು ತಡೆದರೆ ಹೂದಂಡುಗಳು ಒಟ್ಟಿಗೆ ಹೊರಡುತ್ತವೆ. ಗ್ಲಾಡಿಯೋಲಸ್ಸನ್ನು ಹೂ ಮುಗಿದು ಆರರಿಂದ ಎಂಟು ವಾರಗಳ ಬಳಿಕ, ಎಲೆ ಕಂದು ಬಣ್ಣಕ್ಕೆ ತಿರುಗಿದಾಗ ಕಿತ್ತು, ಸೊರಗಿದ ಹಳೆಯ ಗೆಡ್ಡೆಯನ್ನು ಕೆಳಗಿನಿಂದ ಮುರಿದು ತೆಗೆದು, ಹೊಸದನ್ನು ನೆರಳಲ್ಲಿ ವಾರ ಆರಿಸಿ, ಬಲೆಚೀಲದಲ್ಲಿ ಗಾಳಿಯಾಡುವ ಕಡೆ ತೂಗುಹಾಕಬೇಕು. ಬುಡದಲ್ಲಿ ಸಿಗುವ ಕಡಲೆಕಾಳಿನ ಗಾತ್ರದ ಮರಿಗಳನ್ನು ಎಸೆಯದೆ ಬೇರೆ ಚೀಲದಲ್ಲಿಡಬೇಕು. ಒಂದೆರಡು ಹಂಗಾಮು ಬರೀ ಎಲೆಗಾಗಿ ಬೆಳೆಸಿದರೆ ಅವೂ ಹೂ ಬಿಡುವ ಗಾತ್ರಕ್ಕೆ ಬರುತ್ತವೆ.

ಕುಂಡದಲ್ಲೇ ಉಳಿದ ಗೆಡ್ಡೆಗಳಿಗೆ ಜನವರಿ ಕೊನೆಯಲ್ಲಿ ಮೇಲಿನ ಎರಡು ಇಂಚು ಹಳೆಯ ಮಣ್ಣನ್ನು ಕೆರೆದು ತೆಗೆದು, ಅಷ್ಟೇ ಪ್ರಮಾಣದ ಹೊಸ ಮಣ್ಣು-ಕಾಂಪೋಸ್ಟ್ ಮಿಶ್ರಣ ತುಂಬಬೇಕು. ಮೊದಲ ನೀರನ್ನು ಮಿತವಾಗಿ ಹಾಕಿ, ಮೊಳೆ ಕಣ್ಣಿಗೆ ಕಾಣುವ ತನಕ ಎರಡನೆಯ ಬಾರಿ ಕೊಡಬಾರದು. ಮೂರು ವರ್ಷಕ್ಕೊಮ್ಮೆ ಮರಿಗಳು ಕಿಕ್ಕಿರಿದಾಗ ಗುಂಪು ಬಿಡಿಸಿ ಬೇರೆ ಬೇರೆ ನೆಡಬೇಕು. ಅಮರಿಲ್ಲಿಸ್ ಮಾತ್ರ ಬೇರು ತುಸು ಬಿಗಿಯಾಗಿದ್ದರೇ ಚೆನ್ನಾಗಿ ಅರಳುವುದರಿಂದ ಅದನ್ನು ಗೆಡ್ಡೆಗಿಂತ ಎರಡು ಇಂಚಷ್ಟೇ ಅಗಲವಾದ ಕುಂಡದಲ್ಲಿ ಇನ್ನೊಂದೆರಡು ವರ್ಷ ಹಾಗೆಯೇ ಬಿಡಬಹುದು.